ಸಾಹೇಬರ ಕೋಟಿಗೆ ದೊರೆಯ ಅಳತೆ

ನಮ್ಮ ಮನೆಯಲ್ಲಿ ನಾವು ಐದು ಜನ. ನಾನು, ನನ್ನ ಹೆಂಡತಿ, ಮಗಳು, ಅತ್ತೆ ಮತ್ತು ದೊರೆ. ಇವರಲ್ಲಿ ನಾಲ್ವರಿಗೆ ಜೀವವಿದೆ, ಒಬ್ಬನಿಗೆ ಮರ್ಯಾದೆ ಇದೆ. ದೊರೆ ಅಂದರೆ ನಮ್ಮ ಅಂಗಳದ ಹುಲ್ಲಿನ ಮೇಲೆ ಗೇಟಿಗೆ ಮುಖ ಮಾಡಿ ನಿಂತಿರುವ ಸಿಮೆಂಟಿನ ಬಾತುಕೋಳಿ. ಎತ್ತರ ಮೂವತ್ತೆರಡು ಇಂಚು.

ಅವನನ್ನು ಮನೆಗೆ ತಂದವನು ನಾನೇ. ಆರು ವರ್ಷದ ಹಿಂದೆ ನೀರಿನ ತೊಟ್ಟಿಗೆ ಒಂದು ಮುಚ್ಚಳ ತನ್ನಿ ಎಂದು ಹೆಂಡತಿ ಕಳಿಸಿದ್ದಳು. ಅಳತೆ ಬರೆದುಕೊಂಡು ಹೋಗಿ ಎಂದಿದ್ದಳು. ತೊಟ್ಟಿಯನ್ನು ದಿನಾ ನೋಡುವವನಿಗೆ ಅಳತೆ ಯಾಕೆ ಎಂದು ಅಂದಾಜಿನ ಮೇಲೆ ತಂದೆ. ಮುಚ್ಚಳ ತೊಟ್ಟಿಯ ಒಳಗೇ ಬಿತ್ತು. ಮೇಲೆತ್ತಿಸಿ ವಾಪಸು ಕೊಂಡೊಯ್ದರೆ ಅಂಗಡಿಯವನ ಹತ್ತಿರ ಅದಕ್ಕಿಂತ ದೊಡ್ಡ ಮುಚ್ಚಳವಿರಲಿಲ್ಲ. ಬದಲಿಗೆ ಒಂದು ಬಾತುಕೋಳಿ ಇತ್ತು. ಕತ್ತಿನಲ್ಲಿ ಸಣ್ಣ ಬಿರುಕಿದ್ದದ್ದರಿಂದ ಯಾರೂ ಕೊಂಡಿರಲಿಲ್ಲ. ತೊಟ್ಟಿಯ ಮೇಲೆ ಇವತ್ತಿಗೂ ಒಂದು ಹಳೆಯ ಬಾಗಿಲು ಮಲಗಿದೆ.

ಅಂದಾಜು ನನ್ನ ಹುಟ್ಟುಗುಣ. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತನಾಗಿ ಇಪ್ಪತ್ತು ವರ್ಷವಾಯಿತು, ಅಲ್ಲಿ ಎಲ್ಲರೂ ನನ್ನನ್ನು ಅಂದಾಜಪ್ಪ ಎಂದೇ ಕರೆಯುತ್ತಾರೆ. ನನ್ನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿದೆ.

ದೊರೆ ಬಂದ ದಿನ ಹೆಂಡತಿ ಎರಡು ಗಂಟೆ ನನ್ನ ಜೊತೆ ಮಾತಾಡಲಿಲ್ಲ. ಅತ್ತೆ ಮಾತ್ರ ಹೊರಗೆ ಹೋಗಿ ಅವನ ಕತ್ತು ಸವರಿ, "ಪಾಪ, ಗಂಟಲಿಗೆ ಏನೋ ಆಗಿದೆ" ಎಂದು ತಮ್ಮ ಹಳೆಯ ಮಫ್ಲರು ಸುತ್ತಿದರು. ಆರಂಭವಾದದ್ದೇ ಅಲ್ಲಿಂದ. ಮಫ್ಲರು ಇದ್ದ ಮೇಲೆ ಟೋಪಿ ಬೇಡವೇ ಎಂದು ಮಗಳು ತನ್ನ ಟೋಪಿ ಕೊಟ್ಟಳು. ನನ್ನ ಹೆಂಡತಿಗೆ ಮನೆಯಲ್ಲೇ ಹೊಲಿಗೆಯ ಕೆಲಸ. ಮುಂದಿನ ಕೋಣೆ ತುಂಬ ಬಟ್ಟೆಯ ತುಂಡು. ಒಂದು ದಿನ ಕೋಪ ಇಳಿದು ಅವಳೂ ಟೇಪು ಹಿಡಿದು ಅಂಗಳಕ್ಕೆ ಇಳಿದಳು. ಅಂದಿನಿಂದ ದೊರೆಗೆ ಮಳೆಗೆ ಒಂದು ಕೋಟು, ಚಳಿಗೆ ಒಂದು ಸ್ವೆಟರು, ಭಾನುವಾರಕ್ಕೆ ಒಂದು ಜರತಾರಿ ನಡುವಂಗಿ. ಮನೆಯ ಬೀರುವಿನಲ್ಲಿ ಅವನಿಗೆ ಒಂದು ಪೂರ್ತಿ ಖಾನೆ, ನನಗೆ ಅರ್ಧ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಹಿಟ್ಟೂ ಇತ್ತು, ಆದರೆ ಹೂವೆಲ್ಲ ಅವನ ಜುಟ್ಟಿಗೇ ಹೋಯಿತು.

ಬೀದಿಯವರು ಮೊದಲು ನಕ್ಕರು, ಆಮೇಲೆ ಹೊಂದಿಕೊಂಡರು. ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು ಬೆಳಗಿನ ವಾಕಿಂಗಿಗೆ ಹೊರಟಾಗ ಗೇಟಿನ ಹತ್ತಿರ ನಿಂತು ಅವನಿಗೆ ತಲೆ ಬಾಗಿಸುತ್ತಾರೆ. ಒಂದು ದಿನ ನಾನು ಪಕ್ಕದಲ್ಲೇ ನಿಂತಿದ್ದೆ, ನನಗೂ ಸೇರಿಸಿ ಬಾಗಿದರೋ ಏನೋ ಎಂದು "ನಮಸ್ಕಾರ ಸಾರ್" ಅಂದೆ. ಅವರು, "ಓ, ನೀವೂ ಇದ್ದೀರಾ?" ಎಂದರು.

ಇಷ್ಟಕ್ಕೇ ನಿಂತಿದ್ದರೆ ನಾನು ಸುಖವಾಗಿರುತ್ತಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಆಡಿದೆ.

ನಮ್ಮ ಇಂಜಿನಿಯರ್ ಸಾಹೇಬರಿಗೆ ಕೋಟಿನ ಕೊರಗು. ಹೊಸದಾಗಿ ಕಟ್ಟಿದ ನೀರಿನ ಟ್ಯಾಂಕಿನ ಉದ್ಘಾಟನೆಗೆ ಮಂತ್ರಿಗಳು ಬರುವವರಿದ್ದರು. ಸಾಹೇಬರ ಹತ್ತಿರ ಏಳು ಕೋಟುಗಳಿದ್ದವು, ಒಂದೂ ಅವರಿಗೆ ಒಪ್ಪುತ್ತಿರಲಿಲ್ಲ. ಕೆಲವು ಭುಜದಿಂದ ಜಾರುತ್ತಿದ್ದವು, ಕೆಲವಕ್ಕೆ ಹೊಟ್ಟೆಯ ಬಳಿ ಗುಂಡಿ ನಿಲ್ಲುತ್ತಿರಲಿಲ್ಲ. "ಈ ಊರಲ್ಲಿ ಒಬ್ಬ ಟೈಲರೂ ಕೆಲಸ ಕಲಿತಿಲ್ಲ ಕಣ್ರೀ" ಎಂದು ಅವರು ಹೆಡ್ ಕ್ಲರ್ಕನ ಮೇಜಿನ ಮುಂದೆ ನಿಂತು ಹೇಳುತ್ತಿದ್ದಾಗ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

"ಸಾರ್, ನನ್ನ ಹೆಂಡತಿ ಕೋಟು ಹೊಲಿದರೆ ಮೈಗೆ ಅಂಟಿಸಿದ ಹಾಗಿರುತ್ತೆ" ಎಂದೆ.

ಅವಳು ಅಷ್ಟರವರೆಗೆ ಹೊಲಿದದ್ದು ಫ್ರಾಕು, ಪರದೆ, ದಿಂಬಿನ ಚೀಲ. ಕೋಟು ಅಂತ ಹೊಲಿದದ್ದಿದ್ದರೆ ಅದು ದೊರೆಗೆ ಮಾತ್ರ. ಅದು ನಿಜವಾಗಿಯೂ ಮೈಗೆ ಅಂಟಿಸಿದ ಹಾಗೇ ಇತ್ತು. ನಾನು ಸುಳ್ಳು ಹೇಳಿರಲಿಲ್ಲ.

ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಾಳೆ ಬಟ್ಟೆ ಕೊಡ್ತೀನಿ. ಚೆನ್ನಾಗಿ ಬಂದ್ರೆ ಸಂತೋಷ. ಬರದಿದ್ರೆ ಹಳೇ ಪಂಪ್‌ಹೌಸಲ್ಲಿ ಗುಮಾಸ್ತನ ಜಾಗ ಖಾಲಿ ಇದೆ" ಎಂದರು.

ಹಳೇ ಪಂಪ್‌ಹೌಸು ಅಂದರೆ ನಮ್ಮ ಕಚೇರಿಯಲ್ಲಿ ಮಕ್ಕಳನ್ನು ಹೆದರಿಸುವ ಗುಮ್ಮನಿದ್ದ ಹಾಗೆ. ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ, ಹೊಳೆಯ ದಂಡೆ, ಮೂರು ಮೋಟಾರು, ಒಂದು ಮಂಚ. ಹಿಂದೆ ಅಲ್ಲಿದ್ದ ಗುಮಾಸ್ತ ವಾಪಸು ಬಂದಾಗ ಆ ಮೋಟಾರುಗಳ ಸದ್ದಿಗೆ ಒಗ್ಗಿಹೋಗಿ ಪಕ್ಕದಲ್ಲಿ ಕೂತವರ ಹತ್ತಿರವೂ ಕಿರುಚಿಯೇ ಮಾತಾಡುತ್ತಿದ್ದ.

ಮನೆಯಲ್ಲಿ ವಿಷಯ ಹೇಳಿದೆ. ಹೆಂಡತಿ ಮಿಷಿನ್ನು ನಿಲ್ಲಿಸಿದಳು. "ಗಂಡಸರ ಕೋಟು ನಾನು ಯಾವತ್ತು ಹೊಲಿದಿದ್ದೀನಿ?"

"ಹೊಲಿದ್ರೆ ಬರುತ್ತೆ ಅಂತ ಅಂದಾಜು" ಎಂದೆ.

ಅವಳು ಟೇಪನ್ನು ನನ್ನ ಕೈಗಿಟ್ಟಳು. "ಅಳತೆನಾದ್ರೂ ಸರಿಯಾಗಿ ತಗೊಂಡ್ಬನ್ನಿ. ಇಂಚು ಇಂಚೂ ಬರ್ಕೊಳ್ಳಿ. ಅಂದಾಜು ಮಾಡಿದ್ರೆ ಪಂಪ್‌ಹೌಸಿಗೆ ನಾನೇ ಬುತ್ತಿ ಕಟ್ಟಿಕೊಡ್ತೀನಿ."

ಮರುದಿನ ಸಾಹೇಬರ ಕೋಣೆಗೆ ಹೋದೆ. ಅವರು ಎದ್ದು ನಿಂತರು. ಭುಜಕ್ಕೆ ಟೇಪು ಹಿಡಿದರೆ ಭುಜ ಅಗಲ ಮಾಡಿದರು. ಎದೆಗೆ ಹಿಡಿದರೆ ಎದೆ ಉಬ್ಬಿಸಿದರು. ಹೊಟ್ಟೆಯ ಹತ್ತಿರ ಟೇಪು ಬಂದದ್ದೇ ತಡ, ಹೊಟ್ಟೆ ಎಂಬುದೇ ಮಾಯ. ಉಸಿರು ಬಿಗಿ ಹಿಡಿದು, ಮುಖ ಕೆಂಪಾಗಿಸಿಕೊಂಡು, ಗೋಡೆಯ ನಕ್ಷೆ ನೋಡುತ್ತ, ಹಲ್ಲು ಕಚ್ಚಿಕೊಂಡು, "ಮೂವತ್ತಾರು ಬರ್ಕೊಳ್ಳಿ" ಎಂದರು.

ಟೇಪಿನಲ್ಲಿ ಮೂವತ್ತೊಂಬತ್ತಿತ್ತು. ನಾನು ಮೂವತ್ತಾರು ಬರೆದುಕೊಂಡೆ. ಬಾಗಿಲು ದಾಟುವಾಗ ಹಿಂದೆ ದೊಡ್ಡ ನಿಟ್ಟುಸಿರು ಕೇಳಿಸಿತು. ತಿರುಗಿ ನೋಡಿದರೆ ಹೊಟ್ಟೆ ತನ್ನ ಜಾಗಕ್ಕೆ ಬಂದು ಮೇಜಿನ ಅಂಚಿಗೆ ಒರಗಿತ್ತು.

ಆಗ ನನಗೆ ಜ್ಞಾನೋದಯವಾಯಿತು. ಏಳು ಜನ ಟೈಲರುಗಳು ಏಳು ಸಲ ಈ ಬಿಗಿ ಹಿಡಿದ ಉಸಿರನ್ನೇ ಅಳೆದಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಚೀಟಿಯಂತೆ ಹೊಲಿದರೆ ಮಂತ್ರಿಗಳ ಮುಂದೆ ಗುಂಡಿ ಹಾರುವುದು ಖಂಡಿತ. ನಿಜವಾದ ಅಳತೆ ಕೊಡಿ ಎಂದು ಸಾಹೇಬರನ್ನು ಕೇಳುವುದು ಅದಕ್ಕಿಂತ ಅಪಾಯ. ಅತ್ತ ದರಿ, ಇತ್ತ ಪುಲಿ.

ಸಂಜೆ ಮನೆಗೆ ಬಂದು ಗೇಟಿನಲ್ಲಿ ನಿಂತುಬಿಟ್ಟೆ. ಮುಂದೆ ದೊರೆ ನಿಂತಿದ್ದ. ಆ ದಿನ ಬಟ್ಟೆ ಒಗೆಯಲು ಹಾಕಿದ್ದರಿಂದ ಬರಿಮೈಯಲ್ಲಿದ್ದ. ಇಳಿಜಾರು ಭುಜ, ಭುಜದಿಂದ ಎಲ್ಲೂ ತಡೆಯಿಲ್ಲದೆ ಇಳಿದು ಮುಂದಕ್ಕೆ ಬಂದ ಹೊಟ್ಟೆ, ಒಳಗೆ ಬಾಗಿದ ಬೆನ್ನು, ಸ್ವಲ್ಪ ಎತ್ತಿ ಹಿಡಿದ ಗಲ್ಲ. ಸಾಹೇಬರೇ ನಮ್ಮ ಅಂಗಳದಲ್ಲಿ ಫೈಲಿಗೆ ಕಾಯುತ್ತ ನಿಂತಂತಿತ್ತು. ಮೇಲಾಗಿ ಇವನು ಉಸಿರು ಬಿಗಿ ಹಿಡಿಯುವವನಲ್ಲ.

ಜೀವಮಾನದಲ್ಲಿ ಮೊದಲ ಬಾರಿಗೆ ನಾನು ಅಂದಾಜು ಬಿಟ್ಟು ಲೆಕ್ಕ ಹಾಕಿದೆ. ಸಾಹೇಬರ ಹೊಟ್ಟೆ ಮೇಜಿನ ಅಂಚಿಗೆ ತಾಗುತ್ತದೆ, ಮೇಜಿನ ಎತ್ತರ ಮೂವತ್ತು ಇಂಚು. ದೊರೆಯ ಹೊಟ್ಟೆ ನೆಲದಿಂದ ಹದಿನೈದು ಇಂಚು. ಅಲ್ಲಿಗೆ ಎಲ್ಲದರ ಎರಡರಷ್ಟು. ದೊರೆಯ ಭುಜ ಏಳು, ಬರೆದೆ ಹದಿನಾಲ್ಕು. ಎದೆ ಹತ್ತೊಂಬತ್ತು, ಬರೆದೆ ಮೂವತ್ತೆಂಟು. ಹೊಟ್ಟೆ ಇಪ್ಪತ್ತಮೂರು, ಬರೆದೆ ನಲವತ್ತಾರು. ತೋಳಿನ ವಿಷಯದಲ್ಲಿ ಮಾತ್ರ ದೊರೆಯಿಂದ ಏನೂ ಸಹಾಯವಾಗಲಿಲ್ಲ. ಅಲ್ಲಿ ನನ್ನ ತೋಳನ್ನೇ ಅಳೆದು ಹಾಕಿದೆ. ಎದುರುಮನೆಯ ಹೆಡ್‌ಮಾಸ್ಟರು ಬೇಲಿಯ ಆಚೆಯಿಂದ ಇದನ್ನೆಲ್ಲ ನೋಡಿ, "ದೊರೆಗೆ ಹೊಸ ಬಟ್ಟೆನಾ?" ಎಂದು ಕೇಳಿದರು. ಹೌದೆಂದೆ.

ಹೆಂಡತಿ ಚೀಟಿ ಓದಿದಳು. ಒಂದು ಕ್ಷಣ ನನ್ನ ಮುಖ ನೋಡಿದಳು, ಮತ್ತೆ ಚೀಟಿ ನೋಡಿದಳು.

"ಇದು ಸಾಹೇಬ್ರ ಅಳತೆನಾ?"

"ಸಾಕ್ಷಾತ್ ಅವರದ್ದೇ."

"ಸರಿ" ಎಂದಳು. ಅಷ್ಟು ಸುಲಭವಾಗಿ ಅವಳು ಸರಿ ಅಂದದ್ದು ಮದುವೆಯಾದ ಮೇಲೆ ಅದೇ ಮೊದಲು, ನನಗೆ ಅನುಮಾನ ಬರಬೇಕಾಗಿತ್ತು.

ಕೋಟು ಹತ್ತು ದಿನದಲ್ಲಿ ತಯಾರಾಯಿತು. ಕೊಟ್ಟ ದಿನ ನಾನು ಕಚೇರಿಯ ಕಾರಿಡಾರಿನಲ್ಲಿ ಗೋಡೆಗೆ ಆತು ನಿಂತಿದ್ದೆ. ಸಾಹೇಬರ ಕೋಣೆಯ ಬಾಗಿಲು ತೆರೆಯಿತು. ಅವರು ಕೋಟು ಹಾಕಿಕೊಂಡು ಹೊರಗೆ ಬಂದರು. ಹೆಡ್ ಕ್ಲರ್ಕು ತನಗೆ ಗೊತ್ತಿಲ್ಲದೆಯೇ ಎದ್ದು ನಿಂತ. ಜವಾನ ಕೈಯಲ್ಲಿದ್ದ ನೀರಿನ ಲೋಟವನ್ನು ತಾನೇ ಕುಡಿದುಬಿಟ್ಟ. ಎಲ್ಲೂ ಒಂದು ಸುಕ್ಕಿಲ್ಲ, ಒಂದು ಎಳೆತವಿಲ್ಲ. ಸಾಹೇಬರು ಉಸಿರು ಬಿಟ್ಟೇ ನಿಂತಿದ್ದರು, ಆದರೂ ಮೂರೂ ಗುಂಡಿ ನೆಮ್ಮದಿಯಾಗಿದ್ದವು. ತೋಳು ಒಂದಿಂಚು ಉದ್ದ ಬಂದಿತ್ತು.

"ವಾಚು ಮುಚ್ಚಿಹೋಗುತ್ತೆ. ಒಳ್ಳೇದೇ ಆಯ್ತು, ಮಂತ್ರಿಗಳ ಭಾಷಣದಲ್ಲಿ ಟೈಮು ನೋಡೋದು ತಪ್ಪಿತು" ಎಂದರು ಸಾಹೇಬರು. ಅವರು ಜೋಕು ಮಾಡಿದ್ದನ್ನು ಆ ಕಚೇರಿ ಅದುವರೆಗೆ ಕೇಳಿರಲಿಲ್ಲ. ನಗಬೇಕೋ ಬೇಡವೋ ತಿಳಿಯದೆ ಎಲ್ಲರೂ ಹೆಡ್ ಕ್ಲರ್ಕನ ಮುಖ ನೋಡಿದರು.

ಉದ್ಘಾಟನೆ ಚೆನ್ನಾಗಿ ಆಯಿತು. ಮಂತ್ರಿಗಳು ಟ್ಯಾಂಕಿನ ಬಗ್ಗೆ ಎರಡು ಮಾತಾಡಿ, ಸಾಹೇಬರ ಕೋಟಿನ ಬಗ್ಗೆ ನಾಲ್ಕು ಮಾತಾಡಿದರಂತೆ. ಮರುದಿನ ಸಾಹೇಬರು ನನ್ನನ್ನು ಕರೆದು ಕುರ್ಚಿ ತೋರಿಸಿದರು. ಇಪ್ಪತ್ತು ವರ್ಷದಲ್ಲಿ ಆ ಕುರ್ಚಿಯಲ್ಲಿ ನಾನು ಕೂತದ್ದು ಅದೇ ಮೊದಲು. "ಭಾನುವಾರ ಸಂಜೆ ಐದಕ್ಕೆ ನಿಮ್ಮನೆಗೆ ಬರ್ತೀವಿ. ನಿಮ್ಮ ಮನೆಯವರಿಗೆ ನಾನೇ ಖುದ್ದಾಗಿ ಥ್ಯಾಂಕ್ಸ್ ಹೇಳ್ಬೇಕು" ಎಂದರು.

ಭಾನುವಾರ ಮನೆ ಗುಡಿಸಿ ಒರೆಸಿ, ನಾಲ್ಕು ಗಂಟೆಗೆ ನಾನು ಅರ್ಧ ಕ್ಷೌರದಲ್ಲಿದ್ದೆ. ಮಗಳು ಓಡಿಬಂದು, "ಅಪ್ಪ, ಜೀಪ್ ಆಗಲೇ ಬಂತು" ಎಂದಳು. ಒಂದು ಕೆನ್ನೆಯಲ್ಲಿ ಸೋಪಿನ ನೊರೆ ಇಟ್ಟುಕೊಂಡೇ ಅಂಗಳಕ್ಕೆ ಓಡಿದೆ. ಅಲ್ಲಿ ಕಂಡದ್ದನ್ನು ನೋಡಿ ಓಟ ಅಲ್ಲೇ ನಿಂತಿತು.

ದೊರೆ ಕೋಟು ಹಾಕಿಕೊಂಡಿದ್ದ. ಅದೇ ಕಂದು ಬಟ್ಟೆ, ಅದೇ ಮೂರು ಗುಂಡಿ, ಅದೇ ಕಾಲರು. ಅತ್ತೆ ಪಕ್ಕದಲ್ಲಿ ನಿಂತು ಅವನ ಎದೆಯ ಧೂಳು ಒರೆಸುತ್ತಿದ್ದರು. "ದೊಡ್ಡೋರು ಬರ್ತಾರೆ ಅಂತ ಒಳ್ಳೇದು ಹಾಕಿದೀನಿ ಅಳಿಯಂದ್ರೇ" ಎಂದರು.

ಗೇಟು ತೆರೆದುಕೊಂಡಿತು. ನಾನು ದೊರೆಯ ಮುಂದೆ ಎರಡೂ ಕೈ ಅಗಲಿಸಿ ನಿಂತೆ. ಸಾಹೇಬರೂ ಅದೇ ಕೋಟಿನಲ್ಲಿದ್ದರು. ಅವರ ಹೆಂಡತಿ ನನ್ನ ಕಂಕುಳ ಸಂದಿಯಲ್ಲಿ ಇಣುಕಿ ನೋಡಿದರು. ಆಮೇಲೆ ಗಂಡನನ್ನು ನೋಡಿದರು. ಮತ್ತೆ ಇಣುಕಿದರು. ಬಾಯಿಗೆ ಸೆರಗು ಒತ್ತಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟರು, ಅವರ ಭುಜ ಕುಣಿಯುತ್ತಿತ್ತು.

"ಸ್ವಲ್ಪ ಸರೀರಿ" ಎಂದರು ಸಾಹೇಬರು.

ಸರಿದೆ. ಅವರು ದೊರೆಯ ಸುತ್ತ ಒಂದು ಸುತ್ತು ಬಂದರು. ಬೆನ್ನು ನೋಡಿದರು. ಹೊಟ್ಟೆಯ ಹತ್ತಿರ ಬಂದು ತಮ್ಮ ಹೊಟ್ಟೆ ನೋಡಿಕೊಂಡರು. ಬೀದಿಯಲ್ಲಿ ಅಷ್ಟರಲ್ಲಿ ಹೆಡ್‌ಮಾಸ್ಟರು, ಅವರ ಮನೆಯವರು, ಪೇಪರಿನವನು ಬಂದು ಬೇಲಿಗೆ ಒರಗಿದ್ದರು.

"ಇದಕ್ಕೆ ನನ್ನ ಅಳತೆಯಲ್ಲಿ ಹೊಲಿದ್ರೋ, ನನಗೆ ಇದರ ಅಳತೆಯಲ್ಲಿ ಹೊಲಿದ್ರೋ?"

ನಾನು ಇಂಗು ತಿಂದ ಮಂಗನಂತೆ ನಿಂತೆ. ಕೆನ್ನೆಯ ನೊರೆ ಒಣಗಿ ಚರ್ಮ ಎಳೆಯುತ್ತಿತ್ತು. ಉತ್ತರ ಕೊಟ್ಟವಳು ನನ್ನ ಹೆಂಡತಿ. ಬಾಗಿಲಲ್ಲಿ ಟವೆಲ್ಲಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

"ಇದರ ಅಳತೆಯಲ್ಲೇ ಸಾರ್. ಆರು ವರ್ಷದಿಂದ ಇಪ್ಪತ್ತಮೂರು ಹೊಲೀತಿದ್ದೀನಿ, ನಲವತ್ತಾರು ನೋಡಿದ ಕೂಡ್ಲೇ ಗೊತ್ತಾಯ್ತು. ಮೊದ್ಲು ಚಿಕ್ಕದು ಹೊಲಿದು ಇದರ ಮೈಮೇಲೆ ಹಾಕಿ ನೋಡಿದೆ. ಆಮೇಲೆ ನಿಮ್ಮದು ಕತ್ತರಿಸಿದೆ."

"ಗೊತ್ತಿದ್ದೂ ಹೊಲಿದ್ಯಾ?" ಎಂದೆ ನಾನು, ಸಾಹೇಬರು ಎದುರಿಗಿದ್ದಾರೆ ಎಂಬುದನ್ನೂ ಮರೆತು.

"ಸಾಹೇಬ್ರನ್ನ ಒಂದ್ಸಲ ಪೋಸ್ಟಾಫೀಸಲ್ಲಿ ನೋಡಿದ್ದೆ. ನಿಮ್ಮ ಚೀಟಿ ಸರಿಯಾಗೇ ಇದೆ ಅನ್ನಿಸ್ತು."

ಮೆಟ್ಟಿಲ ಮೇಲೆ ಕೂತವರು ಇನ್ನೊಮ್ಮೆ ಸೆರಗು ಒತ್ತಿಕೊಂಡರು. ಸಾಹೇಬರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಕಚೇರಿಯಲ್ಲಿ ಟಿಪ್ಪಣಿ ಬರೆಸುವ ದನಿಯಲ್ಲಿ ಹೇಳಿದರು: "ಕೋಟಿನ ಬಗ್ಗೆ ನನ್ನದೇನೂ ದೂರಿಲ್ಲ. ಅಮ್ಮ, ನಿಮ್ಮ ಕೆಲಸ ಚೊಕ್ಕ. ಆದ್ರೆ ಈ ಬಾತುಕೋಳಿ ಊರಲ್ಲಿರಬಾರದು, ಇಲ್ಲಾ ಇದರ ಅಳತೆ ತಗೊಂಡೋರು ಇರಬಾರದು. ಪಂಪ್‌ಹೌಸ್ ಮುಂದೆ ಹುಲ್ಲುಹಾಸು ಬೋಳಾಗಿದೆ, ಅಲ್ಲೊಂದು ಬಾತುಕೋಳಿ ಇಡಬಹುದು. ಗುಮಾಸ್ತನ ಜಾಗನೂ ಖಾಲಿ ಇದೆ. ಯಾರನ್ನ ಕಳಿಸ್ತೀರಿ ಅಂತ ಸೋಮವಾರ ಬೆಳಿಗ್ಗೆ ಹೇಳಿ."

ಜೀಪು ಹೋಯಿತು. ನಾವು ನಾಲ್ವರೂ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷಿನ್ನಿನ ಸುತ್ತ ಕೂತೆವು. ಇದರಲ್ಲಿ ಯೋಚಿಸುವುದೇನಿದೆ, ಒಂದು ಕಡೆ ಮನೆಯ ಯಜಮಾನ, ಇನ್ನೊಂದು ಕಡೆ ಎರಡು ಬುಟ್ಟಿ ಸಿಮೆಂಟು ಎಂದು ನಾನು ಅಂದಾಜು ಮಾಡಿದ್ದೆ. ಐದು ನಿಮಿಷ ಯಾರೂ ಮಾತಾಡಲಿಲ್ಲ. ಆ ಐದು ನಿಮಿಷದಲ್ಲಿ ನನ್ನ ಅಂದಾಜು ಕುಸಿಯುತ್ತ ಹೋಯಿತು.

ಮೊದಲು ಬಾಯಿ ಬಿಟ್ಟವರು ಅತ್ತೆ. "ಅಳಿಯಂದ್ರ ಆರೋಗ್ಯ ಗಟ್ಟಿ. ಅದಕ್ಕೆ ಮೊದಲೇ ಕತ್ತಿನ ತೊಂದರೆ."

ಮಗಳು ಹೇಳಿದಳು, "ಅಪ್ಪ ಶನಿವಾರ ಬಸ್ಸಲ್ಲಿ ಬರಬಹುದು. ದೊರೆಗೆ ಬರೋಕಾಗಲ್ಲ."

ಹೆಂಡತಿಯ ಕಡೆ ನೋಡಿದೆ. ಅವಳು ಖಾಲಿ ಸೂಜಿಗೆ ದಾರ ಪೋಣಿಸುತ್ತಿದ್ದಳು. "ನೀವೇ ಹೇಳಿ" ಎಂದಳು.

ಅಷ್ಟರಲ್ಲಿ ಹೆಡ್‌ಮಾಸ್ಟರು ಒಂದು ಹಾಳೆ ಹಿಡಿದು ಬಂದರು. ದೊರೆಯನ್ನು ಬೀದಿಯಿಂದ ಕದಲಿಸಬಾರದೆಂದು ಅರ್ಜಿ. ಹದಿನೇಳು ಸಹಿ ಬಿದ್ದಿತ್ತು. "ಇದರಲ್ಲಿ ನನ್ನ ವಿಷಯ ಏನಾದ್ರೂ ಇದೆಯಾ ಸಾರ್?" ಎಂದು ಕೇಳಿದೆ.

"ಎರಡು ವಿಷಯ ಒಂದೇ ಅರ್ಜಿಯಲ್ಲಿ ಬರೀಬಾರದು. ನಿಮ್ಮದು ಬೇಕಾದ್ರೆ ಆಮೇಲೆ ಬೇರೆ ಬರೆಯೋಣ" ಎಂದರು.

ಕಿಟಕಿಯಿಂದ ಹೊರಗೆ ನೋಡಿದೆ. ಕೋಟು ಬಿಚ್ಚಿಸಿಕೊಂಡು ದೊರೆ ಬರೀ ಮಫ್ಲರಿನಲ್ಲಿ ನಿಂತಿದ್ದ. ಆರು ವರ್ಷದಿಂದ ಪ್ರತಿ ಸಂಜೆ ನಾನು ಗೇಟು ತೆಗೆದಾಗ ಮೊದಲು ನೋಡುವುದು ಅವನ ಮುಖವನ್ನೇ. ಹೊಳೆಯ ದಂಡೆಯಲ್ಲಿ ಒಬ್ಬನೇ ನಿಂತರೆ ಅವನಿಗೆ ಯಾರು ಮಫ್ಲರು ಸುತ್ತುತ್ತಾರೆ ಅನ್ನಿಸಿತು. ಹೆಡ್‌ಮಾಸ್ಟರ ಪೆನ್ನು ಇಸಿದುಕೊಂಡು ಹದಿನೆಂಟನೆಯ ಸಹಿ ಹಾಕಿದೆ.

ಪಂಪ್‌ಹೌಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ಮೋಟಾರು ಒಟ್ಟಿಗೆ ಓಡುವಾಗ ಮನಸ್ಸಿನಲ್ಲಿ ಅಂದುಕೊಂಡದ್ದೂ ಕೇಳಿಸುವುದಿಲ್ಲ. ನನ್ನ ಅಡಿಗೆಯನ್ನು ನಾನೇ ಅಂದಾಜಿನ ಮೇಲೆ ಮಾಡಿಕೊಳ್ಳುತ್ತಿದ್ದೆ, ಅದನ್ನು ನಾನೇ ತಿನ್ನಬೇಕಾಗಿತ್ತು. ಮೊದಲೆರಡು ಶನಿವಾರ ಮೋಟಾರು ಕೆಟ್ಟು ಊರಿಗೆ ಬರಲಾಗಲಿಲ್ಲ. ಮೂರನೆಯ ಶನಿವಾರ ಸಂಜೆ ಬಸ್ಸಿಳಿದು, ಚೀಲ ಹಿಡಿದು ನಮ್ಮ ಬೀದಿಗೆ ತಿರುಗಿದೆ.

ಗೇಟಿನ ಹತ್ತಿರ ಅತ್ತೆಯ ದನಿ ಕೇಳಿಸಿತು. "ಬಿಸಿಲು ಇಳೀತು ಅಳಿಯಂದ್ರೇ, ಇನ್ನೇನು ತಂಪಾಗುತ್ತೆ."

"ಹೌದು ಅತ್ತೆ" ಎಂದೆ ಹಿಂದಿನಿಂದ, ರೂಢಿಯ ಮೇಲೆ ಕಿರುಚಿ. ಅವರು ಬೆಚ್ಚಿ ತಿರುಗಿದರು. ಅವರು ನನ್ನ ಹತ್ತಿರ ಮಾತಾಡುತ್ತಿರಲಿಲ್ಲ.

ದೊರೆ ನನ್ನ ನೀಲಿ ಚೌಕಳಿ ಅಂಗಿ ಹಾಕಿಕೊಂಡಿದ್ದ. ನನ್ನದೇ ಅಲ್ಲ, ಅದೇ ಬಟ್ಟೆಯಲ್ಲಿ ಅವನ ಅಳತೆಗೆ ಹೊಲಿದದ್ದು. ಜೇಬಿನಲ್ಲಿ ನನ್ನ ಕ್ಯಾಪಿಲ್ಲದ ಪೆನ್ನು. ಮೇಲಿನಿಂದ ಮೂರನೆಯ ಗುಂಡಿ ಇರಲಿಲ್ಲ. ನನ್ನ ಯಾವ ಅಂಗಿಗೂ ಆ ಗುಂಡಿ ಇರುವುದಿಲ್ಲ, ಅದಕ್ಕಾಗಿ ಹದಿನೈದು ವರ್ಷದಿಂದ ಬೈಸಿಕೊಂಡಿದ್ದೇನೆ.

ಹೆಂಡತಿ ಬಾಗಿಲಿಗೆ ಬಂದಳು. "ಅಮ್ಮ ದಿನಾ ಐದೂವರೆಗೆ ಗೇಟು ನೋಡ್ತಾ ಕೂರ್ತಿದ್ರು. ಮಗಳು ಊಟಕ್ಕೆ ಕೂತ್ರೆ ನಿಮ್ಮ ತಟ್ಟೆನೂ ಹಾಕ್ತಿದ್ಳು. ಅದಕ್ಕೇ ಒಂದು ಹೊಲಿದೆ" ಎಂದಳು. ತನ್ನ ವಿಷಯ ಏನೂ ಹೇಳಲಿಲ್ಲ. ಕೊರಳಲ್ಲಿದ್ದ ಟೇಪು ತೆಗೆದು, "ಇಲ್ಲಿ ಬನ್ನಿ" ಎಂದಳು.

ಟೇಪು ಹೊಟ್ಟೆಯ ಹತ್ತಿರ ಬಂದಾಗ ನಾನು ಉಸಿರು ಬಿಗಿ ಹಿಡಿದೆ. ಗಂಡಸರ ಹಣೆಬರಹವೇ ಹಾಗೆ.

"ಉಸಿರು ಬಿಡಿ" ಎಂದಳು. ಬಿಟ್ಟೆ. ಅವಳು ಟೇಪು ಇನ್ನೊಮ್ಮೆ ಹಿಡಿದು ನೋಡಿದಳು. "ಎರಡಿಂಚು ಇಳಿದಿದ್ದೀರಿ" ಎಂದಳು, ದನಿ ಒಂಥರಾ ಇತ್ತು. ಟೇಪು ಸುತ್ತಿ ಮತ್ತೆ ಕೊರಳಿಗೆ ಹಾಕಿಕೊಂಡಳು. ಆಮೇಲೆ, "ಸಾಹೇಬ್ರ ಹೆಂಡ್ತಿ ಎರಡನೇ ಕೋಟಿಗೆ ಬಟ್ಟೆ ತಂದಿದ್ರು. ವಾಪಸು ಕಳಿಸಿದೆ" ಎಂದಳು.

"ಯಾಕೆ? ಅಳತೆ ಗೇಟಲ್ಲೇ ನಿಂತಿದೆಯಲ್ಲ."

"ಅಳತೆ ಇದೆ. ಅಳತೆ ತಗೊಳ್ಳೋರು ಊರಲ್ಲಿಲ್ಲ ಅಂತ ಹೇಳಿದೆ. ಅವರಿಗೆ ಅರ್ಥ ಆಯ್ತು. ಮನೆಗೆ ಹೋಗಿ ಮಾತಾಡ್ತೀನಿ ಅಂದ್ರು."

ಮನೆಗೆ ಹೋಗಿ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಬುಧವಾರ ಪಂಪ್‌ಹೌಸಿಗೆ ಆದೇಶ ಬಂತು. ನನ್ನನ್ನು ತಕ್ಷಣ ಮುಖ್ಯ ಕಚೇರಿಗೆ ವಾಪಸು ಕಳಿಸತಕ್ಕದ್ದು. ಕಾರಣ ಎಂಬ ಜಾಗದಲ್ಲಿ ಸಾಹೇಬರು ತಮ್ಮ ಕೈಯಾರೆ ಬರೆದಿದ್ದರು: ‘ಅಳತೆಯ ಕೆಲಸದಲ್ಲಿ ಇವರಷ್ಟು ನಿಖರವಾದ ನೌಕರರು ಇಲಾಖೆಯಲ್ಲಿ ಬೇರೆ ಇಲ್ಲ.’ ಆ ಹಾಳೆಯನ್ನು ನಾನು ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದೇನೆ. ಚೌಕಟ್ಟನ್ನು ಅಂದಾಜಿನ ಮೇಲೆ ತಂದದ್ದರಿಂದ ಕೊನೆಯ ಸಾಲು ಮುಚ್ಚಿಹೋಗಿದೆ.

ಮನೆಗೆ ಬಂದ ದಿನ, ಇನ್ನು ದೊರೆಯ ಮೈಮೇಲಿಂದ ಆ ನೀಲಿ ಅಂಗಿ ಬಿಚ್ಚಬಹುದಲ್ಲ ಎಂದು ಕೈ ಹಾಕಿದೆ. ಅತ್ತೆ ಬಿಡಲಿಲ್ಲ.

"ಇರಲಿ ಬಿಡಿ ಅಳಿಯಂದ್ರೇ. ನಿಮ್ಮನ್ನ ನಂಬೋಕಾಗಲ್ಲ, ನಾಳೆ ಇನ್ನೇನಾದ್ರೂ ಬಾಯಿ ಬಿಟ್ಟು ಮತ್ತೆಲ್ಲಿಗಾದ್ರೂ ಹೋಗ್ತೀರಿ" ಎಂದು ಕಾಲರು ಸರಿಮಾಡಿದರು. ಅವನದನ್ನು ಮಾಡಿದ ಮೇಲೆ ನನ್ನದನ್ನೂ ಮಾಡಿದರು.